ಮೇ ತಿಂಗಳನ್ನೂ ಮಳೆಗಾಲಕ್ಕೆ ಸೇರಿಸಿ: ಬೆಂಗಳೂರಿನ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು
ಡಿಸೆಂಬರ್ 2025

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,
ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ನಗರ ಪಾಲಿಕೆಗಳ ಆಯುಕ್ತರಿಗೆ,

ಮಾನ್ಯರೇ,

ನಮಸ್ಕಾರ. ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಬೇಸಿಗೆ ಮಳೆಯ ಬಗ್ಗೆ ಪತ್ರ ಬರೆಯುತ್ತಿದ್ದಾಳಲ್ಲ ಈಕೆ ಅಂತ ನಗಬೇಡಿ. ಮೇ ತಿಂಗಳಲ್ಲಿ ಬರೆದರೆ ನಿಮಗೆ ಓದಲು ಪುರುಸೊತ್ತು ಇರುವುದಿಲ್ಲ. ಆಗ ನೀವು ಗಮ್‌ಬೂಟ್ ಹಾಕಿಕೊಂಡು ಯಾವುದೋ ಬಡಾವಣೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತೀರಿ. ಸುತ್ತ ಟಿವಿಯವರು ಇರುತ್ತಾರೆ. ನಾವು ಸಂಪಿನಿಂದ ಕೊಳಚೆ ನೀರು ಎತ್ತಿ ಹಾಕುತ್ತಿರುತ್ತೇವೆ. ಇಬ್ಬರಿಗೂ ಸ್ವಲ್ಪ ಬಿಡುವಿರುವುದು ಈಗಲೇ.

ನನ್ನ ಕೋರಿಕೆ ಒಂದೇ. ಬೆಂಗಳೂರಿನ ಮಳೆಗಾಲ ಜೂನ್‌ನಲ್ಲಿ ಶುರುವಾಗುತ್ತದೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಏಪ್ರಿಲ್ ಮಧ್ಯದಿಂದಲೇ ಶುರು ಅಂತ ಇಟ್ಟುಕೊಳ್ಳಿ. ಹೂಳು ತೆಗೆಯುವುದು, ಒಣಗಿದ ಕೊಂಬೆ ಕಡಿಯುವುದು, ಅಗೆದ ರಸ್ತೆ ಮುಚ್ಚುವುದು, ಎಲ್ಲವೂ ಯುಗಾದಿಯೊಳಗೆ ಮುಗಿಯಲಿ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಬಂದಿದೆ. ಹಬ್ಬಕ್ಕೆ ಮನೆ ತೊಳೆದು ಸುಣ್ಣ ಬಳಿಯುವ ಹಾಗೆ ಊರಿನ ಚರಂಡಿಯನ್ನೂ ಆಗಲೇ ತೊಳೆದು ಮುಗಿಸಿ ಅಂತ ಕೇಳುತ್ತಿದ್ದೇನೆ, ಅಷ್ಟೆ.

ಇದೇನು ಹೊಸ ವಿಚಾರ ಅಲ್ಲ. ನಿಮ್ಮ ಕಚೇರಿಯಲ್ಲೇ ಇರುವ ಅಂಕಿಗಳನ್ನು ನೋಡಿ. ಬೆಂಗಳೂರು ನಗರದಲ್ಲಿ ಮೇ ತಿಂಗಳ ವಾಡಿಕೆ ಮಳೆ ಸುಮಾರು 128 ಮಿ.ಮೀ. ಜೂನ್‌ದು ಸುಮಾರು 110. ಜುಲೈದು 116ರ ಆಸುಪಾಸು. ಇದು ಹವಾಮಾನ ಇಲಾಖೆಯ 30 ವರ್ಷಗಳ ಸರಾಸರಿ. ಅಂದರೆ ಎಲ್ಲ ವಾಡಿಕೆಯಂತೆ ನಡೆಯುವ ವರ್ಷದಲ್ಲೂ ನಮ್ಮೂರಲ್ಲಿ ಜೂನ್‌ಗಿಂತ ಮೇ ತಿಂಗಳಲ್ಲೇ ಮಳೆ ಜಾಸ್ತಿ. ಮುಂಗಾರು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಭೋರ್ಗರೆದು, ಘಟ್ಟ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಜೂನ್, ಜುಲೈಯಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಮೋಡ, ಗಾಳಿ, ಜಿಟಿಜಿಟಿ. ಜೋರು ಮಳೆ ಬರುವುದು ಎರಡು ಸಲ. ಏಪ್ರಿಲ್, ಮೇನಲ್ಲಿ ಒಂದು ಸಲ. ಆಮೇಲೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇನ್ನೊಂದು ಸಲ. ಹೀಗಿದ್ದೂ ಪ್ರತಿ ವರ್ಷ ನಮ್ಮ ಕಿವಿಗೆ ಬೀಳುವ ಮಾತು ‘ಮುಂಗಾರಿಗೆ ಮುನ್ನ ಎಲ್ಲ ಸಿದ್ಧತೆ ಮುಗಿಸುತ್ತೇವೆ’ ಅಂತ. ಮಂಗಳೂರಿನ ಮಳೆ ಲೆಕ್ಕ ಹಿಡಿದುಕೊಂಡು ಬೆಂಗಳೂರಿನ ಚರಂಡಿ ಸ್ವಚ್ಛ ಮಾಡಿಸುತ್ತಿದ್ದೀರಿ.

ಇನ್ನು ಇತ್ತೀಚಿನ ವರ್ಷಗಳು. 2022ರ ಮೇನಲ್ಲಿ 270 ಮಿ.ಮೀ. ಆಸುಪಾಸು ಮಳೆ ಬಂತು. 2023ರ ಮೇನಲ್ಲಿ 305. ಅದು ದಾಖಲೆ ಅಂದುಕೊಂಡೆವು. 2025ರ ಮೇ ಅದನ್ನೂ ದಾಟಿ 307ಕ್ಕೆ ಹೋಯಿತು. ನಾಲ್ಕು ವರ್ಷದಲ್ಲಿ ಮೂರು ಸಲ ವಾಡಿಕೆಯ ಎರಡು ಪಟ್ಟಿಗಿಂತ ಹೆಚ್ಚು. ನಡುವಿನ 2024 ಮಾತ್ರ ಬೇರೆ ಕಥೆ. ಆ ವರ್ಷ ಏಪ್ರಿಲ್‌ನಲ್ಲಿ ನಗರದ ಮಳೆ ಮಾಪನದಲ್ಲಿ ಒಂದು ಹನಿಯೂ ದಾಖಲಾಗಲಿಲ್ಲ, 1983ರ ನಂತರ ಮೊದಲ ಸಲ. ಆದರೆ ಅದೇ ವರ್ಷ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು ಜೂನ್ ತಿಂಗಳ ಒಂದು ದಿನದ ಮಳೆಯ 133 ವರ್ಷಗಳ ಹಳೆಯ ದಾಖಲೆ ಮುರಿಯಿತು. ಇಷ್ಟೆಲ್ಲ ಆದ ಮೇಲೂ ಮೇ ಮಳೆಯನ್ನು ‘ಅಕಾಲಿಕ’ ಅಂದರೆ ಯಾರು ನಂಬುತ್ತಾರೆ ಹೇಳಿ?

ಹಳಬರಂತೂ ನಂಬುವುದಿಲ್ಲ. ಪಂಚಾಂಗದಲ್ಲಿ ಮಳೆ ನಕ್ಷತ್ರಗಳ ಪಟ್ಟಿ ಶುರುವಾಗುವುದೇ ಏಪ್ರಿಲ್ ಮಧ್ಯದ ಅಶ್ವಿನಿಯಿಂದ. ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಮುಂಗಾರಿನ ಮೃಗಶಿರ ಬರುವುದು ಐದನೆಯದಾಗಿ, ಜೂನ್ ಎರಡನೇ ವಾರದಲ್ಲಿ. ‘ಭರಣಿ ಬಂದರೆ ಧರಣಿ ಬದುಕೀತು’ ಅಂತ ಆನೇಕಲ್, ದೇವನಹಳ್ಳಿ ಕಡೆಯ ರೈತರು ಈಗಲೂ ಹೇಳುತ್ತಾರೆ. ಭರಣಿ ಅಂದರೆ ಏಪ್ರಿಲ್ ಕೊನೆ, ಮೇ ಮೊದಲ ವಾರ. ಊರಾಚೆ ಆ ಮಳೆಗೆ ನೇಗಿಲು ಸಿದ್ಧವಾಗಿರುತ್ತದೆ. ಊರೊಳಗೆ ನಾವು ಆ ಹೊತ್ತಿಗೆ ಟೆಂಡರ್ ಕರೆಯುತ್ತಿರುತ್ತೇವೆ.

ಬೇಸಿಗೆ ಮಳೆ ಸುರಿಯುವ ರೀತಿಯೇ ಬೇರೆ. ನಿಮ್ಮ ಇಂಜಿನಿಯರುಗಳಿಗೆ ಇದು ಗೊತ್ತಿಲ್ಲ ಅಂತಲ್ಲ, ಆದರೂ ಹೇಳಿಬಿಡುತ್ತೇನೆ. ಬೆಳಗಿನಿಂದ ಕಾದ ನೆಲ, ಮಧ್ಯಾಹ್ನ ಮೇಲೇರುವ ಬಿಸಿ ಗಾಳಿ, ಸಮುದ್ರದ ಕಡೆಯಿಂದ ಬಂದ ತೇವ. ಮೂರೂ ಸೇರಿ ನಾಲ್ಕು ಗಂಟೆ ಹೊತ್ತಿಗೆ ಮೋಡ ಗೋಪುರದ ಹಾಗೆ ಕಟ್ಟುತ್ತದೆ. ಗುಡುಗು, ಮಿಂಚು, ಕಣ್ಣಿಗೆ ಧೂಳು ಹೊಡೆಯುವ ಗಾಳಿ. ಆಮೇಲೆ ಒಂದೆರಡು ಗಂಟೆಯಲ್ಲಿ ಎಲ್ಲ ಒಟ್ಟಿಗೆ ಸುರಿದುಬಿಡುತ್ತದೆ. ಜುಲೈಯಲ್ಲಿ ಇಡೀ ವಾರ ಬೀಳುವ ನೀರು ಮೇನಲ್ಲಿ ಒಂದೇ ಸಂಜೆಗೆ ಬೀಳುತ್ತದೆ. ಅದೂ ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ. ಒಂದು ಚರಂಡಿ ಎಷ್ಟು ನೀರು ಹೊರಬಲ್ಲದು ಅಂತ ಪರೀಕ್ಷೆ ಆಗುವುದು ಈ ಮಳೆಯಲ್ಲಿ. ನಾವು ಆ ಪರೀಕ್ಷೆ ಮುಗಿದ ಮೇಲೆ ಓದಲು ಕೂರುತ್ತಿದ್ದೇವೆ.

ಜೊತೆಗೆ, ಮಳೆಗೆ ಮುಂಚಿನ ಮೂರು ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಏನೇನು ನಡೆಯುತ್ತದೆ ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮರಗಳು ಎಲೆ ಉದುರಿಸುತ್ತವೆ. ಮನೆ ಕಟ್ಟುವವರು ಕಟ್ಟುವುದು ಇದೇ ಒಣ ದಿನಗಳಲ್ಲಿ, ಹಾಗಾಗಿ ಪ್ರತಿ ಕ್ರಾಸಿನಲ್ಲೂ ಎಂ-ಸ್ಯಾಂಡ್ ರಾಶಿ, ಜಲ್ಲಿ ರಾಶಿ. ಆರ್ಥಿಕ ವರ್ಷ ಮುಗಿಯುತ್ತದೆ ಅಂತ ಅಗೆಯುವವರೆಲ್ಲ ಅಗೆಯುವುದೂ ಆಗಲೇ. ಮೊದಲ ಜೋರು ಮಳೆ ಇವೆಲ್ಲವನ್ನೂ ಬಳಿದುಕೊಂಡು ಹೋಗಿ ಚರಂಡಿ ಬಾಯಿಗೆ ತುರುಕುತ್ತದೆ.

ನಮ್ಮ ಕ್ರಾಸಿನದೇ ಉದಾಹರಣೆ ಕೊಡುತ್ತೇನೆ. ನಮ್ಮ ಮನೆ ಇರುವುದು ನಗರದ ದಕ್ಷಿಣಕ್ಕೆ, ಒಂದು ತಗ್ಗು ಬಡಾವಣೆಯಲ್ಲಿ, ನೆಲಮಹಡಿಯಲ್ಲಿ. ಕ್ರಾಸಿನ ತುದಿಯಲ್ಲಿ ರಸ್ತೆ ನೀರು ಚರಂಡಿಗೆ ಇಳಿಯಲು ಫುಟ್‌ಪಾತಿನ ಕಲ್ಲಿನಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಎರಡು ಅಂಗೈ ಪಕ್ಕಪಕ್ಕ ಇಟ್ಟಷ್ಟು ಅಗಲ. ಕಳೆದ ಮೇನಲ್ಲಿ ಒಂದು ಸಂಜೆ ರಸ್ತೆಯಲ್ಲಿ ಸ್ಕೂಟರಿನ ಸೈಲೆನ್ಸರ್ ಮುಳುಗುವಷ್ಟು ನೀರು. ಎಲ್ಲರೂ ಗೇಟಿಗೆ ಗೋಣಿಚೀಲ ಅಡ್ಡ ಇಟ್ಟು ನಿಂತಿದ್ದೆವು. ಎದುರು ಮನೆಯ ಹುಡುಗ ಹಾರೆ ತಂದು, ಕಿಂಡಿ ಎಲ್ಲಿದೆ ಅಂತ ಕಾಲಿನಲ್ಲೇ ತಡಕಿ ಮೀಟಿದ. ಮೊದಲು ಬಂದದ್ದು ಒಂದು ತೆಂಗಿನ ಗರಿ. ಅದರ ಹಿಂದೆ ಹಾಲಿನ ಕವರುಗಳು, ಒಂದು ಹರಿದ ಫ್ಲೆಕ್ಸ್ ತುಂಡು. ಅದರಡಿ ಸಿಮೆಂಟಿನಷ್ಟು ಗಟ್ಟಿಯಾಗಿ ಕೂತ ಎಂ-ಸ್ಯಾಂಡ್. ಎಲ್ಲಕ್ಕಿಂತ ಅಡಿಯಲ್ಲಿ ಹೊಂಗೆ ಎಲೆ, ಪದರ ಪದರವಾಗಿ, ಕಪ್ಪಗೆ ಕೊಳೆತು. ಅದು ಕಿತ್ತು ಬರುತ್ತಿದ್ದ ಹಾಗೆ ಗಳಗಳ ಅಂತ ನೀರು ಇಳಿಯಲು ಶುರುವಾಯಿತು. ಹತ್ತು ನಿಮಿಷದಲ್ಲಿ ರಸ್ತೆ ಕಾಣಿಸಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಚರಂಡಿ ಅರ್ಧ ಖಾಲಿ! ಮೇಲೆ ರಸ್ತೆ ತುಂಬಿ ಮನೆಗೆ ನೀರು ನುಗ್ಗುತ್ತಿದೆ, ಕೆಳಗೆ ಚರಂಡಿಯಲ್ಲಿ ಜಾಗ ಇದೆ. ಕೋಟಿಗಟ್ಟಲೆ ಖರ್ಚು ಮಾಡಿ ರಾಜಕಾಲುವೆಗೆ ತಡೆಗೋಡೆ ಕಟ್ಟಿಸುತ್ತೀರಿ, ಬೇಡ ಅನ್ನುವುದಿಲ್ಲ. ಆದರೆ ನೀರು ಅಲ್ಲಿಗೆ ಹೋಗಿ ಸೇರಬೇಕಲ್ವಾ?

ಮಾರನೇ ದಿನ ಗುಡಿಸಲು ಬಂದ ಪೌರಕಾರ್ಮಿಕ ಅಕ್ಕನನ್ನು ಕೇಳಿದೆ. ಅವರಿಗೆ ಸಿಟ್ಟೇ ಬಂತು. “ಎಲೆ ಗುಡಿಸೋದು ನಾನೇ ಅಮ್ಮ. ತಗೊಂಡು ಹೋಗೋ ಗಾಡಿ ಬರಬೇಕಲ್ಲ? ಹಸಿ ಕಸದ ಆಟೋದವನು ಎಲೆ ಹಾಕಿಸ್ಕೊಳ್ಳಲ್ಲ. ಒಣ ಕಸದವನೂ ಬೇಡ ಅಂತಾನೆ. ಸುಟ್ಟರೆ ನೀವೇ ಫೋಟೋ ತೆಗೆದು ಹಾಕ್ತೀರ. ನಾನೇನು ಮನೆಗೆ ತಗೊಂಡು ಹೋಗ್ಲಾ?” ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಮ್ಮ ಹತ್ತಿರ ಇರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಲೆಗೆಂದೇ ವಾರ್ಡಿಗೊಂದು ಗಾಡಿ ಓಡಿಸಿ. ಪಾರ್ಕುಗಳಲ್ಲಿ ಗುಂಡಿ ತೆಗೆದು ಗೊಬ್ಬರ ಮಾಡಿಸಿ. ದೊಡ್ಡ ಯೋಜನೆಗಳಿಗೆ ಹೋಲಿಸಿದರೆ ಇದಕ್ಕೆ ಆಗುವ ಖರ್ಚು ಏನೂ ಅಲ್ಲ.

ಹೂಳಿನ ಕಥೆ ಇನ್ನೊಂದು ಥರ. ಚರಂಡಿಯಿಂದ ತೆಗೆದ ಹೂಳನ್ನು ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಕೇಳಿದರೆ ‘ಒಣಗಬೇಕು ಮೇಡಮ್, ಹಸಿ ಇದ್ದರೆ ಲಾರಿಯಲ್ಲಿ ಸೋರುತ್ತೆ’ ಅನ್ನುತ್ತಾರೆ. ಮಾತು ಸರಿ. ಆದರೆ ಮೇನಲ್ಲಿ ತೆಗೆದರೆ ಅದು ಒಣಗುವುದು ಯಾವಾಗ? ಸಂಜೆ ಮಳೆ ಬಂದು ಮತ್ತೆ ಒಳಗೇ ಇಳಿಸಿ ಹೋಗುತ್ತದೆ. ಮಾರ್ಚ್ ಬಿಸಿಲಲ್ಲಿ ತೆಗೆದಿದ್ದರೆ ಎರಡೇ ದಿನದಲ್ಲಿ ಒಣಗಿ ಲಾರಿ ಹತ್ತುತ್ತಿತ್ತು.

ತೊಡಕು ಎಲ್ಲಿದೆ ಅಂತ ನನಗನ್ನಿಸುವುದನ್ನು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ. ನಿಮ್ಮ ಹಣದ ವರ್ಷ ಏಪ್ರಿಲ್ 1ಕ್ಕೆ ಶುರು. ಮಾರ್ಚ್ ಪೂರ್ತಿ ಹಳೇ ಬಿಲ್ಲುಗಳ ಗದ್ದಲ. ಏಪ್ರಿಲ್‌ನಲ್ಲಿ ಹೊಸ ಲೆಕ್ಕ ತೆರೆದು, ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ ಅಂತ ಹೋಗಿ ಗುತ್ತಿಗೆದಾರ ಜೆಸಿಬಿ ಇಳಿಸುವ ಹೊತ್ತಿಗೆ ಅರ್ಧ ಮಳೆ ಬಂದು ಹೋಗಿರುತ್ತದೆ. ಮಳೆಗೆ ನಿಮ್ಮ ಬಜೆಟ್ ಗೊತ್ತಿಲ್ಲ. ಹೂಳೆತ್ತುವ ಗುತ್ತಿಗೆಯನ್ನು ಅಕ್ಟೋಬರ್‌ನಿಂದ ಅಕ್ಟೋಬರ್‌ಗೆ ಕೊಡಿ, ಇಲ್ಲವೇ ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕೊಡಿ. ಇದಕ್ಕೆ ಹೊಸ ಕಾಯ್ದೆ ಬೇಕೇ? ಒಂದು ಸುತ್ತೋಲೆ ಸಾಕು ಅಂತ ನನ್ನ ಎಣಿಕೆ. ಈಗ ಒಂದರ ಬದಲು ಐದು ಪಾಲಿಕೆ ಆಗಿವೆ. ಐವರಲ್ಲಿ ಒಬ್ಬರಾದರೂ ಮಾಡಿ ತೋರಿಸಿದರೆ ಉಳಿದ ನಾಲ್ವರಿಗೂ ನೆಪ ಇರುವುದಿಲ್ಲ.

ಇನ್ನು ಜನ ಈ ಬೇಸಿಗೆಯನ್ನು ಹೇಗೆ ಕಳೆದರು ಅಂತ ಸ್ವಲ್ಪ ಹೇಳಬೇಕು. ನಿಮಗೆ ಬರುವ ವರದಿಯಲ್ಲಿ ‘ಸಿಲ್ಕ್ ಬೋರ್ಡ್ ಜಲಾವೃತ’ ಅಂತ ಇರುತ್ತದೆ. ಮಡಿವಾಳ ಕೆರೆ, ಅಗರ ಕೆರೆ ನಡುವಿನ ತಗ್ಗು ಅದು, ನೀರು ನಿಲ್ಲದೆ ಇನ್ನೇನು. ‘ಸಾಯಿ ಲೇಔಟ್‌ಗೆ ದೋಣಿ’ ಅಂತಲೂ ಇರುತ್ತದೆ. ರೈಲ್ವೆ ಹಳಿ ಕೆಳಗಿನ ಕಿರಿದಾದ ಮೋರಿಯಲ್ಲಿ ಅಷ್ಟು ನೀರು ನುಸುಳಬೇಕು. ಮೇ 18ರ ರಾತ್ರಿ ಬೆಳಗಾಗುವುದರೊಳಗೆ ನಗರದಲ್ಲಿ 105 ಮಿ.ಮೀ. ಸುರಿದಾಗ ಇವೆಲ್ಲ ಟಿವಿಯಲ್ಲಿ ಬಂತು. ಟಿವಿಯಲ್ಲಿ ಬರದೇ ಇರುವುದು ಬೇಕಾದಷ್ಟಿದೆ.

ಪಕ್ಕದ ಮನೆ ಅಜ್ಜಿ ಪ್ರತಿ ಬೇಸಿಗೆ ತಾರಸಿ ಮೇಲೆ ಸಂಡಿಗೆ ಇಡುತ್ತಾರೆ. ಮಗಳಿಗೆ, ಸೊಸೆಯ ತವರಿಗೆ, ಅಮೆರಿಕದ ಮೊಮ್ಮಗನಿಗೆ, ಎಲ್ಲರಿಗೂ ಅದೇ ಡಬ್ಬಿ. ಈ ವರ್ಷ ಬೆಳಿಗ್ಗೆ ಹಿಟ್ಟು ಕಾಯಿಸಿ ಪ್ಲಾಸ್ಟಿಕ್ ಹಾಳೆ ಮೇಲೆ ಇಟ್ಟರೆ ಸಂಜೆಗೆ ಗಂಜಿಯಾಗಿ ಹರಿಯುತ್ತಿತ್ತು. ಆಮೇಲೆ ಫ್ಯಾನ್ ಕೆಳಗೆ ಒಣಗಿಸಿ ನೋಡಿದರು. ಹುಳಿ ವಾಸನೆ ಬಂತು. ಕೊನೆಗೆ ಅಂಗಡಿಯಿಂದ ತಂದ ಸಂಡಿಗೆಯನ್ನೇ ಡಬ್ಬಿಗೆ ತುಂಬಿ ಕಳಿಸಿದರು. ಮೊಮ್ಮಗನಿಗೆ ಗೊತ್ತಾಗಲಿಲ್ಲವಂತೆ. ಅವರಿಗೆ ಬೇಜಾರಾಗಿದ್ದು ಅದಕ್ಕೇ.

ನಮ್ಮ ಮೂಲೆಯ ಎಳನೀರಿನವರಿಗೆ ವರ್ಷದ ದುಡಿಮೆ ಅಂದರೆ ಮಾರ್ಚ್‌ನಿಂದ ಮೇ. ಮಧ್ಯಾಹ್ನ ಮೂರಕ್ಕೆ ಮೋಡ ಕವಿದರೆ ಯಾರು ಎಳನೀರು ಕುಡಿಯುತ್ತಾರೆ? ರಾಶಿ ಹಾಗೇ ಉಳಿಯುತ್ತಿತ್ತು. ತಳ್ಳುಗಾಡಿಯ ಸೊಪ್ಪಿನವರು ಬೆಳಗಿನ ಸೊಪ್ಪನ್ನು ಸಂಜೆಗೆ ಅರ್ಧ ರೇಟಿಗೆ ಕೊಟ್ಟು ಹೋಗುತ್ತಿದ್ದರು. ಊಟ ತಲುಪಿಸುವ ಹುಡುಗರು ಫ್ಲೈಓವರ್ ಕೆಳಗೆ ಸಾಲಾಗಿ ನಿಂತು, ಆರ್ಡರ್ ಕ್ಯಾನ್ಸಲ್ ಆಗುತ್ತದಾ ಅಂತ ಫೋನ್ ನೋಡುತ್ತಿದ್ದರು. ಟ್ರಾಫಿಕ್ ಪೊಲೀಸರು ಅವರನ್ನು ಬೈಯುತ್ತಾರೆ. ಅವರು ನಿಲ್ಲುವುದಾದರೂ ಎಲ್ಲಿ? ಬಸ್ ಸ್ಟಾಪಿಗೆ ಚಾವಣಿ ಇದ್ದರೆ ತಾನೇ.

ಸ್ವಲ್ಪ ಇದ್ದವರು ತಮ್ಮ ತಮ್ಮ ಮನೆಯ ಮಟ್ಟಿಗೆ ಉಪಾಯ ಮಾಡಿಕೊಂಡಿದ್ದಾರೆ. ಗೇಟಿನಡಿ ಒಂದಡಿ ಸಿಮೆಂಟ್ ಕಟ್ಟೆ, ಸಂಪಿನ ಬಾಯಿ ಸುತ್ತ ಎರಡು ಸಾಲು ಇಟ್ಟಿಗೆ, ಯುಪಿಎಸ್ ಬ್ಯಾಟರಿ ನೆಲದಿಂದ ಮಂಚದ ಎತ್ತರಕ್ಕೆ. ನಾನು ಕಟ್ಟೆ ಕಟ್ಟಿಸಿದರೆ ನೀರು ಪಕ್ಕದ ಮನೆಗೆ. ಅವರು ಕಟ್ಟಿಸಿದರೆ ಅದರಾಚೆಗೆ. ಕೊನೆಗೆ ಕಟ್ಟೆ ಕಟ್ಟಿಸಲು ದುಡ್ಡಿಲ್ಲದ ಬಾಡಿಗೆ ಮನೆಗೆ ಹೋಗಿ ನಿಲ್ಲುತ್ತದೆ. ಇದಕ್ಕೆ ರಸ್ತೆಯದೂ ಕೊಡುಗೆ ಇದೆ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ರಸ್ತೆ ಮೇಲಕ್ಕೆ ಬಂದಿದೆ, ಹಳೇ ಮನೆಗಳು ಕೆಳಗೆ ಹೋಗಿವೆ. ನಮ್ಮ ಮನೆಗೆ ಮೊದಲು ಎರಡು ಮೆಟ್ಟಿಲು ಹತ್ತಿ ಬರುತ್ತಿದ್ದೆವು. ಈಗ ಒಂದು ಮೆಟ್ಟಿಲು ಇಳಿದು ಬರುತ್ತೇವೆ.

ಒಂದು ಪಕ್ಕದ ಮಾತು. ಮೇ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂದ್ಯ ಮಳೆಗೆ ರದ್ದಾಯಿತಲ್ಲ, ನೆನಪಿದೆಯೇ? ಆ ಮೈದಾನದಡಿ ನೀರು ಹೀರಿಕೊಳ್ಳುವ ಸಬ್‌ಏರ್ ಅನ್ನುವ ವ್ಯವಸ್ಥೆ 2017ರಿಂದ ಇದೆ. ಅವತ್ತು ಮಳೆಯೇ ಬಿಡಲಿಲ್ಲ, ಬೇರೆ ಮಾತು. ಬಿಟ್ಟಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹುಲ್ಲು ಒಣಗಿ ಆಟ ಶುರುವಾಗುತ್ತಿತ್ತು. ಆಟ ನೋಡಿ ಹೊರಗೆ ಬಂದವರು ಮಾತ್ರ ಪ್ಯಾಂಟ್ ಮಡಚಿಕೊಂಡೇ ಮೆಟ್ರೋ ಹತ್ತಬೇಕಿತ್ತು.

ಕೆರೆ ನುಂಗಿದ ಕಥೆ ನಾನು ಹೇಳಲು ಹೋಗುವುದಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಗಿದ್ದು ಮಕ್ಕಳಿಗೂ ಗೊತ್ತು. ಒಂದೇ ಲೆಕ್ಕ ಸಾಕು. ಮಳೆನೀರು ಕಾಲುವೆಗಳ ಬಗ್ಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಕೊಟ್ಟ ವರದಿ 2021ರಲ್ಲಿ ಸದನದ ಮುಂದೆ ಬಂತು. ಅದರ ಪ್ರಕಾರ ಕೋರಮಂಗಲ ಕಣಿವೆಯಲ್ಲಿ ಹಿಂದೆ 113 ಕಿ.ಮೀ. ಇದ್ದ ಕಾಲುವೆಗಳು 63 ಕಿ.ಮೀ. ಆಸುಪಾಸಿಗೆ ಇಳಿದಿವೆ. ಒತ್ತುವರಿ ತೆರವು ನಡೆಯಲಿ, ಕೋರ್ಟು ಕೇಸು ನಡೆಯಲಿ, ವಿಶ್ವಬ್ಯಾಂಕಿನ ಸಾಲವೂ ಬರಲಿ. ಅವೆಲ್ಲ ವರ್ಷಗಟ್ಟಲೆ ಹಿಡಿಯುವ ಕೆಲಸ. ಪ್ರತಿ ಸಲ ಆ ದೊಡ್ಡ ಕಥೆ ಹೇಳಿ ಈ ಸಣ್ಣ ಕೆಲಸ ಮುಂದಕ್ಕೆ ಹಾಕಬೇಡಿ ಅನ್ನುವುದಷ್ಟೇ ನನ್ನ ತಕರಾರು. ಕಿಂಡಿ ಬಿಡಿಸಲು ಸುಪ್ರೀಂ ಕೋರ್ಟಿಗೆ ಹೋಗಬೇಕಿಲ್ಲ.

ಈಗ ಹೇಳಲು ಕಷ್ಟವಾಗುವ ವಿಷಯ. 2023ರ ಮೇ 21ರಂದು, ವಿಧಾನಸೌಧಕ್ಕೆ ಕೂಗಳತೆಯ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಳು. 2025ರ ಮೇ 19ರಂದು ಮಹದೇವಪುರದಲ್ಲಿ ಕಾಂಪೌಂಡ್ ಗೋಡೆ ಕುಸಿದು, ಬೆಳಿಗ್ಗೆ ಕೆಲಸಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು ಸತ್ತಳು. ಅದೇ ದಿನ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೀರು ಹೊರಹಾಕಲು ಮೋಟಾರು ಹಾಕುವಾಗ ಕರೆಂಟ್ ಹೊಡೆದು 63 ವರ್ಷದ ಹಿರಿಯರೊಬ್ಬರು, 12 ವರ್ಷದ ಒಬ್ಬ ಹುಡುಗ ಹೋಗಿಬಿಟ್ಟರು. ಮೂರೂ ಮೇ ತಿಂಗಳಲ್ಲೇ ನಡೆದದ್ದು.

ಬೇಸ್‌ಮೆಂಟಿನ ವಿಷಯದಲ್ಲಿ ನೀವೂ, ವಿದ್ಯುತ್ ಕಂಪನಿಯವರೂ ಕೂತು ಒಂದು ಕೆಲಸ ಮಾಡಬಹುದು. ತಗ್ಗು ಪ್ರದೇಶಗಳ ಪಟ್ಟಿ ನಿಮ್ಮಲ್ಲಿದೆ. ನೀರು ನಿಲ್ಲುವ 210 ಜಾಗ ಗುರುತಿಸಿದ್ದೇವೆ, 166ರಲ್ಲಿ ಕೆಲಸ ಮುಗಿಸಿದ್ದೇವೆ ಅಂತ ಕಳೆದ ಮೇನಲ್ಲಿ ಸರ್ಕಾರವೇ ಹೇಳಿತ್ತು. ಆ ಜಾಗಗಳ ಕಟ್ಟಡಗಳಲ್ಲಿ ಮೀಟರ್ ಬೋರ್ಡ್ ಬೇಸ್‌ಮೆಂಟಿನಲ್ಲಿದ್ದರೆ ಮೇಲಕ್ಕೆ ಎತ್ತಿಸಿ. ಸೋರುವ ಕರೆಂಟಿಗೆ ತಾನಾಗಿ ಬೀಳುವ ಆರ್‌ಸಿಸಿಬಿ ಸ್ವಿಚ್ ಇದೆಯೇ ಅಂತ ಮಾರ್ಚ್‌ನಲ್ಲೇ ತಪಾಸಣೆ ಮಾಡಿಸಿ. ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಮೊದಲು ಮಾಡಬೇಕಾದ್ದು ಮೈನ್ ಆಫ್ ಮಾಡುವುದು, ಮೋಟಾರು ಹುಡುಕುವುದಲ್ಲ. ಇದನ್ನು ಕನ್ನಡದಲ್ಲಿ, ಹಿಂದಿ, ತಮಿಳು, ತೆಲುಗಿನಲ್ಲೂ ಬರೆದು ಲಿಫ್ಟ್ ಪಕ್ಕ ಅಂಟಿಸಿ. ರಾತ್ರಿ ಹೊತ್ತು ಅಲ್ಲಿ ಇರುವವರು ಸೆಕ್ಯೂರಿಟಿಯವರು. ಅವರಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಅಂಡರ್‌ಪಾಸುಗಳಲ್ಲಿ ಅಳತೆಪಟ್ಟಿ, ನೀರು ಏರಿದರೆ ಬೀಳುವ ಗೇಟು ಬೇಕೇ ಬೇಕು. ಅದು ಬರುವವರೆಗೆ ಮೋಡ ಕಟ್ಟಿದ ಕೂಡಲೇ ಒಬ್ಬ ಮನುಷ್ಯ, ಒಂದು ಹಗ್ಗ. ಅಷ್ಟಿದ್ದರೂ ಜೀವ ಉಳಿಯುತ್ತದೆ.

ಮರಗಳ ಮಾತೂ ಹಾಗೇ. ಮೊದಲ ಗುಡುಗು ಮಳೆಯ ಗಾಳಿಗೆ ಬೀಳುವುದು ಗುಲ್‌ಮೊಹರ್‌ನಂಥ ಮೆದು ಮರಗಳು, ಬುಡದ ತನಕ ಸಿಮೆಂಟ್ ಸುರಿಸಿಕೊಂಡ ಮರಗಳು, ಕೇಬಲ್ಲಿಗೆಂದು ಅಗೆದಾಗ ಒಂದು ಪಕ್ಕದ ಬೇರು ಕಳೆದುಕೊಂಡ ಮರಗಳು. ಯಾವ ಬೀದಿಯಲ್ಲಿ ಈ ವರ್ಷ ಅಗೆದಿದ್ದೀರಿ ಅನ್ನುವುದು ನಿಮಗೇ ಗೊತ್ತು. ಆ ಬೀದಿಯ ಮರಗಳನ್ನು ಮೊದಲು ನೋಡಿಸಿ. ಹಾಗಂತ ಸಿಕ್ಕ ಮರವನ್ನೆಲ್ಲ ಬೋಳು ಮಾಡಿಸಬೇಡಿ, ದಯವಿಟ್ಟು. ಒಂದೇ ಪಕ್ಕ ಕೊಂಬೆ ಕಡಿದ ಮರ ಇನ್ನೊಂದು ಪಕ್ಕಕ್ಕೆ ವಾಲುತ್ತದೆ.

ಬರೀ ನಿಮ್ಮನ್ನೇ ಅಂದರೆ ನ್ಯಾಯವಲ್ಲ. ಇದು ಬಹಿರಂಗ ಪತ್ರ, ಊರಿನವರೂ ಓದುತ್ತಾರೆ. ಅವರಿಗೂ ಎರಡು ಮಾತು. ತಾರಸಿ ನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿಕೊಂಡವರು ನಮ್ಮ ಬಡಾವಣೆಯಲ್ಲೇ ಎಷ್ಟು ಮಂದಿ ಇದ್ದಾರೋ. ಒಳಚರಂಡಿ ಇರುವುದು ಕಕ್ಕಸು, ಬಚ್ಚಲ ನೀರಿಗೆ. ಅದಕ್ಕೆ ಮಳೆನೀರು ನುಗ್ಗಿಸಿದರೆ ಮ್ಯಾನ್‌ಹೋಲ್ ಉಕ್ಕುತ್ತದೆ. ತಗ್ಗಿನ ಮನೆಯವರ ಬಚ್ಚಲಿನಿಂದ ಆ ಗಲೀಜು ಮೇಲೇಳುತ್ತದೆ. ಮೂರನೇ ಮಹಡಿಯವರ ತಾರಸಿ ನೀರು ನೆಲಮಹಡಿಯವರ ಬಚ್ಚಲಲ್ಲಿ! ಪ್ಲಂಬರ್ ‘ಸುಮ್ನೆ ಇಲ್ಲೇ ಕೊಟ್ಟುಬಿಡೋಣ ಸಾರ್’ ಅಂದ, ನಾವು ಹೂಂ ಅಂದೆವು. ಕಟ್ಟಡದ ಅವಶೇಷವನ್ನು ರಾತ್ರಿ ಖಾಲಿ ಸೈಟಿಗೆ ಸುರಿಸುವವರೂ ನಾವೇ. ಮರಳಿನ ರಾಶಿಗೆ ಒಂದು ಟಾರ್ಪಾಲು, ಸುತ್ತ ನಾಲ್ಕು ಹಾಲೋ ಬ್ಲಾಕು ಇಟ್ಟರೆ ಕಳೆದುಕೊಳ್ಳುವುದೇನು? ಮನೆ ಕಟ್ಟುವವರಿಗೇ ಮರಳು ಉಳಿತಾಯ.

ಇನ್ನೊಂದು ಲೆಕ್ಕ ಇದೆ, ನನಗೆ ಎಲ್ಲಕ್ಕಿಂತ ಸಂಕಟ ಆಗುವುದು ಇದಕ್ಕೆ. 2024ರ ಬೇಸಿಗೆಯಲ್ಲಿ ಇದೇ ಊರು ಕೊಡ ಹಿಡಿದು ನಿಂತಿತ್ತು. ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದ್ದವು. 6,000 ಲೀಟರ್ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಆ ದರಕ್ಕೆ ನಮಗಂತೂ ಸಿಗಲಿಲ್ಲ, ಅದು ಬೇರೆ. ಈಗ ನೋಡಿ. 30×40 ಸೈಟಿನ ಒಂದು ಮನೆ. ಮುಕ್ಕಾಲು ಭಾಗ ಚಾವಣಿ ಅಂತ ಇಟ್ಟುಕೊಳ್ಳಿ. 2025ರ ಮೇ ಒಂದರಲ್ಲೇ ಆ ಚಾವಣಿ ಮೇಲೆ ಬಿದ್ದ ನೀರು ಸುಮಾರು 25,000 ಲೀಟರ್. ನಾಲ್ಕು ಟ್ಯಾಂಕರ್! ಅದೆಲ್ಲ ಚಾವಣಿಯಿಂದ ಇಳಿದು, ರಸ್ತೆಗೆ ಬಂದು, ಪಕ್ಕದವರ ಮನೆಗೆ ನುಗ್ಗಿ, ಕೊನೆಗೆ ಗಲೀಜಾಗಿ ಬೆಳ್ಳಂದೂರು ಕೆರೆಗೋ ವೃಷಭಾವತಿ ನದಿಗೋ ಹೋಯಿತು. ಮಳೆಕೊಯ್ಲು ಕಡ್ಡಾಯ ಅಂತ 2009ರಿಂದ ನಿಯಮ ಇದೆ. ದಂಡವನ್ನೂ ನೀರಿನ ಬಿಲ್ಲಿಗೆ ಸೇರಿಸುತ್ತಾರೆ. ಎಷ್ಟೋ ಜನ ದಂಡ ಕಟ್ಟಿಕೊಂಡು ಆರಾಮಾಗಿದ್ದಾರೆ. ಪೈಪು ಇದ್ದರೂ ಫಿಲ್ಟರ್ ತೊಳೆದವರಿಲ್ಲ. ಮೊದಲ ಮಳೆಗೆ ಮುಂಚೆ ತಾರಸಿ ಗುಡಿಸಿ, ಫಿಲ್ಟರ್ ತೊಳೆದು, ಇಂಗುಗುಂಡಿಯ ಹೂಳು ತೆಗೆಯಬೇಕು. ಅದಕ್ಕೂ ಮಾರ್ಚ್ ತಿಂಗಳೇ ಸರಿ. ಮಳೆಗಾಲ ಜೂನ್‌ಗೆ ಅಂತ ನೀವು ಹೇಳುತ್ತಾ ಬಂದಿದ್ದರಿಂದ ಜನವೂ ಹಾಗೇ ಅಂದುಕೊಂಡು, ಕೈಗೆ ಬಂದ ಮೇ ನೀರನ್ನು ಪ್ರತಿ ವರ್ಷ ಕಳೆದುಕೊಳ್ಳುತ್ತಿದ್ದಾರೆ.

ಮುನ್ಸೂಚನೆ ಕೊಡುವುದಕ್ಕೂ ನಮ್ಮಲ್ಲಿ ಕೊರತೆ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ವಾರ್ಡುಗಳಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ ಜೊತೆ ಸೇರಿ 2020ರಲ್ಲಿ ‘ಬೆಂಗಳೂರು ಮೇಘ ಸಂದೇಶ’ ಅನ್ನುವ ಆ್ಯಪ್ ಕೂಡ ಬಿಟ್ಟರು. ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಆ್ಯಪ್ ಹುಡುಕಿಕೊಂಡು ನಾವು ಬರಬೇಕೇಕೆ? ಮಾಪಕದಲ್ಲಿ ನೀರು ಏರುತ್ತಿದ್ದ ಹಾಗೆ ಕೆಳಭಾಗದ ಬಡಾವಣೆಯವರ ಫೋನಿಗೆ ಒಂದು ಮೆಸೇಜು ಬಂದರೆ ಸಾಕು. ತೆರಿಗೆ ಕಟ್ಟಿ ಅಂತ ನೆನಪಿಸುವ ಮೆಸೇಜು ಮಾತ್ರ ಸರಿಯಾಗಿ ಬರುತ್ತದೆ, ನಂಬರ್ ನಿಮ್ಮ ಹತ್ತಿರ ಇದೆ ಅಂತಾಯಿತು.

ಈ ಮಾತುಗಳನ್ನು ನಿಮಗೆ ಬರೆಯುವ ಬದಲು ನಮ್ಮ ಕಾರ್ಪೊರೇಟರ್ ಮನೆ ಬಾಗಿಲು ತಟ್ಟಿ ಹೇಳಬಹುದಿತ್ತು. ಸೆಪ್ಟೆಂಬರ್ 2020ರಲ್ಲಿ ಹಿಂದಿನ ಕೌನ್ಸಿಲಿನ ಅವಧಿ ಮುಗಿಯಿತು. ಆವತ್ತಿನಿಂದ ತಟ್ಟಲು ಬಾಗಿಲಿಲ್ಲ. ಹಾಗಾಗಿ ಎಲ್ಲವೂ ನಿಮ್ಮ ತಲೆಗೇ ಬಂದಿದೆ. ಸಹಾಯವಾಣಿಗೆ ಫೋನ್ ಮಾಡಿದರೆ ದೂರಿನ ನಂಬರ್ ಕೊಡುತ್ತಾರೆ. ಮಳೆ ನಿಂತು, ನೀರು ತಾನಾಗೇ ಇಳಿದು, ಎರಡು ದಿನ ಆದ ಮೇಲೆ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಬರುತ್ತದೆ. ಅದು ಸುಳ್ಳೂ ಅಲ್ಲ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಜನವರಿ ಕೊನೆಯೊಳಗೆ ಪ್ರತಿ ವಾರ್ಡಿನ ನೀರು ನಿಲ್ಲುವ ಜಾಗಗಳ ಪಟ್ಟಿಯನ್ನು ವಾರ್ಡ್ ಕಚೇರಿ ಗೋಡೆಗೆ ಹಾಕಿಸಿ. ಪ್ರತಿ ಜಾಗದ ಮುಂದೆ ಹೊಣೆ ಹೊತ್ತ ಇಂಜಿನಿಯರ್ ಹೆಸರು, ಫೋನ್ ನಂಬರ್, ಹೂಳು ತೆಗೆಯುವ ತಾರೀಖು, ಹೂಳು ಸಾಗಿಸುವ ತಾರೀಖು ಇರಲಿ. ಎರಡೂ ತಾರೀಖು ಬೇರೆ ಬೇರೆ ಬರೆಸಿ, ಮರೆಯಬೇಡಿ. ಮಾರ್ಚ್ ಮೊದಲ ವಾರ ಆ ಇಂಜಿನಿಯರ್ ಒಂದು ಬೆಳಿಗ್ಗೆ ಬಂದು ನಮ್ಮ ಜೊತೆ ಬೀದಿ ಸುತ್ತಲಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಇಳಿಯುತ್ತದೆ ಅಂತ ನಕ್ಷೆಗಿಂತ ಚೆನ್ನಾಗಿ ತೋರಿಸುವವರು ನಮ್ಮಲ್ಲಿ ಇದ್ದಾರೆ. ಎದುರು ಮನೆ ಹುಡುಗ ಕಣ್ಣು ಮುಚ್ಚಿಕೊಂಡೇ ಕಿಂಡಿ ತೋರಿಸುತ್ತಾನೆ. ಆ ಪೌರಕಾರ್ಮಿಕ ಅಕ್ಕನನ್ನೂ ಕರೆಯಿರಿ, ಅವರಿಗೆ ಎಲ್ಲ ಗೊತ್ತು. ಕಾಫಿ ನಮ್ಮ ಮನೆಯಲ್ಲಿ. ಒಂದು ಮೆಟ್ಟಿಲು ಇಳಿದು ಬರಬೇಕು, ನೋಡಿಕೊಂಡು ಬನ್ನಿ.

ಇಂತಿ,
ತಗ್ಗು ಬಡಾವಣೆಯ ನೆಲಮಹಡಿ ನಿವಾಸಿ